ಪಾನಾ ಹಿಡಿದ ಮಾಲೀಕ

ಹುಬ್ಬಳ್ಳಿಯ ಬೆಂಗೇರಿ ಎಂದೊಡನೆ ನಾಡಿನ ಜನರಿಗೆ ಮೊದಲು ನೆನಪಾಗುವುದು ರಾಷ್ಟ್ರಧ್ವಜ. 1957ರ ನವೆಂಬರ್ 1ರಂದು ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಅಂಗಳದಲ್ಲಿ ಭಾರತೀಯ ಮಾನಕ ಬ್ಯೂರೋದ ನಿಯಮಕ್ಕೆ ಒಪ್ಪುವ ಖಾದಿ ಧ್ವಜಗಳು ಸಿದ್ಧವಾಗುತ್ತವೆ. ಧ್ವಜ ಸಂಹಿತೆ ಒಟ್ಟು ಒಂಬತ್ತು ಅಳತೆಗಳನ್ನು ಗೊತ್ತುಮಾಡಿದೆ. ಅವುಗಳಲ್ಲಿ ಒಂದು 225 ಮಿಲಿಮೀಟರ್ ಉದ್ದ, 150 ಮಿಲಿಮೀಟರ್ ಅಗಲದ್ದು. ಅದು ಕಾರಿಗೆ ಮೀಸಲು. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿ, ಸಚಿವರು, ನ್ಯಾಯಮೂರ್ತಿಗಳು ಮೊದಲಾದ ಕೆಲವೇ ಗಣ್ಯರ ಕಾರಿನ ಮೇಲೆ, ಬಾನೆಟ್ಟಿನ ಮುಂಭಾಗದ ನಡುವೆ ಇಲ್ಲವೇ ಮುಂದಿನ ಬಲ ಬದಿಗೆ, ಅದನ್ನು ಹಾರಿಸಬಹುದು.

ಇದು ಬಾನೆಟ್ಟಿನ ಮೇಲಿನ ಮಾತಾಯಿತು. ಬಾನೆಟ್ಟಿನ ಕೆಳಗಿನ ಮಾತು ಬೇರೆ. ಅಲ್ಲಿ ಎಂಜಿನ್ ಇದೆ, ಬ್ಯಾಟರಿ ಇದೆ, ಎಣ್ಣೆ ಮತ್ತು ಮಸಿ ಇವೆ. ಅದನ್ನು ಎತ್ತಿ ಒಳಗೆ ಕೈ ಹಾಕಲು ಯಾವ ಪದವಿಯೂ ಬೇಕಿಲ್ಲ. ಭಾನುವಾರ ಬೆಳಿಗ್ಗೆ ಹುಬ್ಬಳ್ಳಿ-ಧಾರವಾಡದ ಯಾವುದೇ ಬಡಾವಣೆಯಲ್ಲಿ ತಿರುಗಾಡಿದರೆ ಇಂಥ ಒಬ್ಬರಾದರೂ ಕಣ್ಣಿಗೆ ಬಿದ್ದಾರು: ಹಳೆಯ ಅಂಗಿ ತೊಟ್ಟು, ಮನೆ ಮುಂದೆ ನಿಂತ ಕಾರಿನ ಬಾನೆಟ್ ಎತ್ತಿ, ಕೈಯಲ್ಲಿ ಪಾನಾ ಹಿಡಿದು ಬಗ್ಗಿ ನಿಂತವರು. ಕಾರು ಕೆಟ್ಟಿರಬೇಕು ಎಂದೇನೂ ಇಲ್ಲ. ಅದನ್ನು ಬಿಚ್ಚಿ ನೋಡುವುದೇ ಅವರ ಸಂತೋಷ.

ಈ ಹವ್ಯಾಸ ನಮ್ಮಲ್ಲಿ ಬೆಳೆದದ್ದು ಹೇಗೆ? ಇಂದಿನ ಕಾರುಗಳಲ್ಲಿ ಅದಕ್ಕೆ ಎಷ್ಟು ಎಡೆ ಉಳಿದಿದೆ? ಮೇಲುನೋಟಕ್ಕೆ ಇದು ಕೆಲವರ ಖಯಾಲಿಯಂತೆ ಕಾಣುತ್ತದೆ. ಆದರೆ ಹಣ ಕೊಟ್ಟು ಕೊಂಡ ಯಂತ್ರದ ಮೇಲೆ ಕೊಂಡವನಿಗೆ ಎಷ್ಟು ಅಧಿಕಾರವಿದೆ ಎಂಬ ದೊಡ್ಡ ಪ್ರಶ್ನೆ ಇದರ ಹಿಂದಿದೆ.

ಚರಕದ ಷರತ್ತು

ಈ ಪ್ರಶ್ನೆಯನ್ನು ಬೆಂಗೇರಿಯ ಕಸುಬಾದ ಖಾದಿಯೇ ಬಹು ಹಿಂದೆ ಎತ್ತಿತ್ತು. 1929ರಲ್ಲಿ ಅಖಿಲ ಭಾರತ ಚರಕ ಸಂಘ ಉತ್ತಮ ಚರಕವೊಂದರ ವಿನ್ಯಾಸಕ್ಕೆ ಒಂದು ಲಕ್ಷ ರೂಪಾಯಿ ಬಹುಮಾನ ಪ್ರಕಟಿಸಿತು. ಆ ಕಾಲಕ್ಕೆ ಅದು ಭಾರಿ ಮೊತ್ತ. ಗಾಂಧೀಜಿಯ ಆಸಕ್ತಿಯಿಂದ ನಡೆದ ಆ ಸ್ಪರ್ಧೆಯ ಷರತ್ತುಗಳು ಇಂದಿಗೂ ಓದಲು ತಕ್ಕವು. ಯಂತ್ರ ಹಗುರಾಗಿರಬೇಕು, ಗುಡಿಸಲಿನಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯುವಂತಿರಬೇಕು. ಬೆಲೆ 150 ರೂಪಾಯಿ ಮೀರಬಾರದು. ಕಾಲಕಾಲಕ್ಕೆ ಆರೈಕೆ ಮಾಡಿದರೆ ಕನಿಷ್ಠ 20 ವರ್ಷ ಬಾಳಬೇಕು. ರಿಪೇರಿಯ ಖರ್ಚು ವರ್ಷಕ್ಕೆ ಯಂತ್ರದ ಬೆಲೆಯ ಶೇಕಡಾ 5ರಷ್ಟನ್ನು ದಾಟಬಾರದು.

ಎಲ್ಲ ಷರತ್ತುಗಳನ್ನೂ ಪೂರೈಸುವ ಯಂತ್ರ ಬರಲಿಲ್ಲ, ಬಹುಮಾನ ಯಾರಿಗೂ ದಕ್ಕಲಿಲ್ಲ. ಆದರೂ ಯಂತ್ರವೊಂದನ್ನು ಅಳೆಯುವ ಹೊಸ ಮಾನದಂಡ ಅಲ್ಲಿ ಮೂಡಿತ್ತು. ಯಂತ್ರ ಎಷ್ಟು ವೇಗವಾಗಿ ಓಡುತ್ತದೆ ಎಂಬುದರ ಜೊತೆಗೆ, ಕೆಟ್ಟರೆ ಅದನ್ನು ಬಳಸುವವರ ಊರಿನಲ್ಲೇ, ಅವರ ಕೈಗೆಟಕುವ ಖರ್ಚಿನಲ್ಲಿ ಸರಿಪಡಿಸಲು ಸಾಧ್ಯವೇ ಎಂಬುದನ್ನೂ ನೋಡಬೇಕು ಎಂಬುದೇ ಆ ಮಾನದಂಡ. ಚರಕಕ್ಕೂ ಕಾರಿಗೂ ಹೋಲಿಕೆ ಇಲ್ಲ. ಆದರೆ ಸ್ವಾತಂತ್ರ್ಯಾನಂತರದ ಭಾರತದಲ್ಲಿ ಕಾರು ಕೊಂಡವರು ತಮ್ಮ ಗಾಡಿಯನ್ನು ಅಳೆದದ್ದು ಸರಿಸುಮಾರು ಇದೇ ಮಾನದಂಡದಿಂದ.

ಅಭಾವ ಕಲಿಸಿದ ವಿದ್ಯೆ

ಭಾರತದಲ್ಲಿ ಕಾರು ತಯಾರಿಸಬೇಕೆಂಬ ಕನಸಿಗೆ ಕನ್ನಡಿಗರ ನಂಟೂ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ನಡುವಿನಲ್ಲಿ ಯುರೋಪು ಮತ್ತು ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದು ಮೋಟಾರು ಕಾರ್ಖಾನೆಯ ಯೋಜನೆಯೊಂದನ್ನು ರೂಪಿಸಿದ್ದರು. ಅಂದಿನ ಬ್ರಿಟಿಷ್ ಸರ್ಕಾರದಿಂದ ಬೇಕಾದ ಬೆಂಬಲ ಸಿಗಲಿಲ್ಲ. ಈ ಯತ್ನದಲ್ಲಿ ಅವರೊಂದಿಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಕಟ್ಟಿದರು. ಅದಕ್ಕೂ ಎರಡು ವರ್ಷ ಮೊದಲು ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ ಹುಟ್ಟಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಕಾರುಗಳ ಆಮದಿಗೆ ಬಿಗಿ ಹಿಡಿತ ಹಾಕಿತು. ಹೊರದೇಶದ ಬಿಡಿಭಾಗ ತಂದು ಇಲ್ಲಿ ಬರಿದೇ ಜೋಡಿಸುವವರು ಇಲ್ಲಿಯೇ ತಯಾರಿಕೆಗೆ ತೊಡಗಬೇಕು, ಇಲ್ಲವೇ ಹೊರಡಬೇಕು ಎಂಬುದು 1953ರ ನೀತಿಯಾಯಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಗಂಟುಮೂಟೆ ಕಟ್ಟಿದವು. ಮುಂದಿನ 30 ವರ್ಷ ಭಾರತದ ಕಾರು ಪೇಟೆ ಎಂದರೆ ಮೂರು ಹೆಸರು: ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಅಂಬಾಸಡರ್, ಫಿಯೆಟ್ 1100 ಮಾದರಿಯ ಪ್ರೀಮಿಯರ್ ಕಾರು, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಪ್ರೀಮಿಯರ್ ಕಾರಿಗೆ ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು.

ಹೀಗೆ ಕಾದು ಪಡೆದ ಕಾರನ್ನು ಐದಾರು ವರ್ಷಕ್ಕೆ ಮಾರಿ ಇನ್ನೊಂದು ಕೊಳ್ಳುವ ಮಾತು ಯಾರ ತಲೆಗೂ ಬರುತ್ತಿರಲಿಲ್ಲ. ಅದು ಮನೆಯ ಎಮ್ಮೆಯಂತೆ, ಬಾವಿಯಂತೆ, ಮುಂದಿನ ತಲೆಮಾರಿಗೂ ಉಳಿಯಬೇಕಾದ ಆಸ್ತಿ. ಕಂಪನಿಯ ಅಧಿಕೃತ ಗ್ಯಾರೇಜು ದೊಡ್ಡ ಊರಿನಲ್ಲಿ ಮಾತ್ರ. ಲಗ್ನಕ್ಕೋ ಜಾತ್ರೆಗೋ ಹೊರಟ ಕಾರು ನವಲಗುಂದದ ಎರೆಭೂಮಿಯ ನಡುವೆ ನಿಂತರೆ ಅದನ್ನು ಎಬ್ಬಿಸುವ ಹೊಣೆ ಒಳಗೆ ಕುಳಿತವರದೇ. ಮಾಲೀಕ ಪಾನಾ ಹಿಡಿಯುವುದು ಹವ್ಯಾಸವಾಗುವ ಮುನ್ನ ಅನಿವಾರ್ಯವಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಕಣ್ಣಿಗೆ ಕಾಣುವ ಯಂತ್ರ

ಅನಿವಾರ್ಯವಾದ ಕೆಲಸ ಇಷ್ಟವಾದದ್ದು ಹೇಗೆ? ಆ ಕಾರುಗಳ ರಚನೆಯೇ ಅದಕ್ಕೆ ಕಾರಣ. 1,489 ಸಿ.ಸಿ.ಯ ಅಂಬಾಸಡರ್ ಎಂಜಿನ್ನಾಗಲಿ, 1,089 ಸಿ.ಸಿ.ಯ ಪದ್ಮಿನಿ ಎಂಜಿನ್ನಾಗಲಿ ಬಾನೆಟ್ಟಿನ ಕೆಳಗೆ ಅರ್ಧ ಜಾಗವನ್ನೂ ತುಂಬುತ್ತಿರಲಿಲ್ಲ. ಸುತ್ತಲೂ ಕೈ ಆಡುತ್ತಿತ್ತು. ಯಾವ ಭಾಗ ಏನು ಮಾಡುತ್ತದೆ ಎಂಬುದನ್ನು ನೋಡಿಯೇ ತಿಳಿಯಬಹುದಾಗಿತ್ತು.

ಪೆಟ್ರೋಲ್ ಎಂಜಿನ್ ಓಡಲು ಮೂರು ಸಂಗತಿ ಬೇಕು: ಸರಿಯಾದ ಪ್ರಮಾಣದ ಪೆಟ್ರೋಲು-ಗಾಳಿಯ ಮಿಶ್ರಣ, ಸಿಲಿಂಡರಿನಲ್ಲಿ ಅದನ್ನು ಅದುಮುವ ಒತ್ತಡ ಮತ್ತು ಸರಿಯಾದ ಕ್ಷಣಕ್ಕೆ ಒಂದು ಕಿಡಿ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕ ನೋಡುತ್ತಿದ್ದುದು ಕಾರ್ಬುರೇಟರ್. ಅದರ ಕಿರಿದಾದ ಕೊರಳಿನಲ್ಲಿ ಗಾಳಿ ರಭಸದಿಂದ ನುಗ್ಗಿದಾಗ ಅಲ್ಲಿ ಒತ್ತಡ ಕುಸಿಯುತ್ತದೆ. ಆಗ ‘ಜೆಟ್’ ಎಂಬ ಸಣ್ಣ ರಂಧ್ರದ ಮೂಲಕ ಪೆಟ್ರೋಲು ತಾನಾಗಿ ಮೇಲೆ ಬಂದು ತುಂತುರಾಗಿ ಗಾಳಿಯೊಡನೆ ಬೆರೆಯುತ್ತದೆ. ಜೆಟ್ಟಿನಲ್ಲಿ ಕಸ ಸಿಕ್ಕಿಕೊಂಡರೆ ಕಾರು ಮುಗ್ಗರಿಸುತ್ತದೆ. ಅದನ್ನು ಬಿಚ್ಚಿ, ಬಾಯಿಂದ ಊದಿ, ಮತ್ತೆ ಕೂಡಿಸಿದರೆ ಓಡುತ್ತದೆ.

ಕಿಡಿಯ ಕತೆಯೂ ಇಷ್ಟೇ ಸರಳ. 12 ವೋಲ್ಟಿನ ಬ್ಯಾಟರಿಯಿಂದ ಕಾಯಿಲ್‌ಗೆ ಹರಿಯುವ ವಿದ್ಯುತ್ತನ್ನು ಡಿಸ್ಟ್ರಿಬ್ಯೂಟರಿನ ಒಳಗಿನ ಎರಡು ಪುಟ್ಟ ಲೋಹದ ತುದಿಗಳು ತಟ್ಟನೆ ಕಡಿಯುತ್ತವೆ. ಆ ಕ್ಷಣದಲ್ಲಿ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟಿನ ಒತ್ತಡ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಈ ತುದಿಗಳಿಗೆ ‘ಪಾಯಿಂಟ್’ ಎಂದು ಹೆಸರು. ಅವುಗಳ ನಡುವಿನ ಅಂತರ ಮಿಲಿಮೀಟರಿನ ಹತ್ತರಲ್ಲಿ ನಾಲ್ಕು ಭಾಗದ ಆಸುಪಾಸಿನಲ್ಲಿರಬೇಕು. ತೆಳು ಉಕ್ಕಿನ ಪಟ್ಟಿಗಳ ಫೀಲರ್ ಗೇಜನ್ನು ನಡುವೆ ತೂರಿಸಿ, ಅದು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಜಾರುವಂತೆ ತಿರುಪು ಬಿಗಿಯುವುದು ಕೈಯ ಹದಕ್ಕೆ ಸೇರಿದ ಕೆಲಸ. ಸೇವಿಗೆ ಹಾಕುವ ಹಿಟ್ಟಿನ ಹದದಂತೆ ಇದನ್ನೂ ಪುಸ್ತಕ ಹೇಳಿಕೊಡಲಾರದು.

ಬಿಚ್ಚಿದ ಪ್ಲಗ್ಗು ಎಂಜಿನ್ನಿನ ನಾಡಿ ಇದ್ದಂತೆ. ತುದಿ ತಿಳಿಗಂದು ಬಣ್ಣಕ್ಕಿದ್ದರೆ ಆರೋಗ್ಯ. ಒಣ ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ. ಎಣ್ಣೆಯಿಂದ ಒದ್ದೆಯಾಗಿದ್ದರೆ ಪಿಸ್ಟನ್ ರಿಂಗು ಸವೆದಿರಬಹುದು. ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚಾಗಿ ಎಂಜಿನ್ ಅತಿಯಾಗಿ ಕಾಯುತ್ತಿದೆ. ಬೇಸಿಗೆಯಲ್ಲಿ ಪೆಟ್ರೋಲು ನಳಿಗೆಯಲ್ಲೇ ಆವಿಯಾಗಿ ಕಾರು ನಿಂತರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ತುಸು ಹೊತ್ತು ಕಾದು ಹೊರಡುತ್ತಿದ್ದರು. ಉತ್ತರ ಕರ್ನಾಟಕದ ಏಪ್ರಿಲ್-ಮೇ ಬಿಸಿಲು ಕಂಡವರಿಗೆ ಇದರ ಬೆಲೆ ಗೊತ್ತು.

ಕಾರಣ ಹುಡುಕುವುದು, ಒಂದೊಂದೇ ಅನುಮಾನವನ್ನು ತಳ್ಳಿಹಾಕುವುದು, ಕೊನೆಗೆ ಚಾವಿ ತಿರುವಿದಾಗ ಎಂಜಿನ್ ಎದ್ದು ಕೂರುವುದು. ಈ ಸರಣಿಯಲ್ಲಿ ಸಿಗುವ ತೃಪ್ತಿಯೇ ಅನಿವಾರ್ಯವನ್ನು ಹವ್ಯಾಸವಾಗಿಸಿತು.

ಪಾನಾ, ಪಕ್ಕಡ್ ಮತ್ತು ಹುಬ್ಬಳ್ಳಿ

ಈ ವಿದ್ಯೆಗೆ ಹುಬ್ಬಳ್ಳಿಯ ನೆಲ ಮೊದಲೇ ಹದವಾಗಿತ್ತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರ ಇಲ್ಲಿಗೆ ಬಂತು. ಅದರೊಡನೆ ಫಿಟ್ಟರು, ಟರ್ನರು, ವೆಲ್ಡರು ಎಂಬ ಹೊಸ ಕಸುಬುಗಳೂ ಬಂದವು. ಲೋಹವನ್ನು ಅಳೆದು, ಕೊರೆದು, ಕೂಡಿಸುವ ವಿದ್ಯೆ ಊರಿನ ಮನೆಮನೆಗೆ ಹರಡಿತು. ಮುಂಬಯಿ-ಬೆಂಗಳೂರು ಹೆದ್ದಾರಿಯ ಮೇಲಿರುವ ಊರಾದ್ದರಿಂದ ಲಾರಿ ವ್ಯವಹಾರ ಬೆಳೆಯಿತು. 1976ರಲ್ಲಿ ವಿಜಯ ಸಂಕೇಶ್ವರರು ಗದಗಿನಲ್ಲಿ ಒಂದು ಲಾರಿಯಿಂದ ಆರಂಭಿಸಿದ ಸಾರಿಗೆ ಉದ್ಯಮ ಮುಂದೆ ಹುಬ್ಬಳ್ಳಿಯನ್ನೇ ನೆಲೆ ಮಾಡಿಕೊಂಡಿತು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇರುವುದೂ ಇಲ್ಲಿಯೇ, ಗೋಕುಲ ರಸ್ತೆಯಲ್ಲಿ.

ಬೆಂಗೇರಿಗೆ ಸಮೀಪದ ವಿದ್ಯಾನಗರದಲ್ಲಿ 1947ರಲ್ಲಿ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. 2015ರಲ್ಲಿ ಅದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಒಂದು ಕಡೆ ಪುಸ್ತಕದ ವಿದ್ಯೆ, ಇನ್ನೊಂದು ಕಡೆ ಗ್ಯಾರೇಜಿನ ವಿದ್ಯೆ. ಕಾರಿನ ಹುಚ್ಚು ಹಿಡಿದವರು ಎರಡರಿಂದಲೂ ಕಲಿತರು.

ಗ್ಯಾರೇಜಿನ ಶಾಲೆಗೆ ತನ್ನದೇ ಕ್ರಮವಿದೆ. ಹೊಸದಾಗಿ ಸೇರಿದ ಹುಡುಗನಿಗೆ ಮೊದಲು ಸಿಗುವುದು ಸೀಮೆಎಣ್ಣೆ ಇಲ್ಲವೇ ಡೀಸೆಲ್ಲಿನಲ್ಲಿ ಬೋಲ್ಟು ತೊಳೆಯುವ ಕೆಲಸ. ‘ತಮ್ಮಾ, ಹದಿಮೂರರ ಪಾನಾ ಕೊಡು’ ಎಂದು ಮಿಸ್ತ್ರಿ ಕೈಚಾಚಿದಾಗ ನೋಡದೆಯೇ ಸರಿಯಾದದ್ದನ್ನು ಎತ್ತಿಕೊಟ್ಟರೆ ಮೊದಲ ತರಗತಿ ಪಾಸಾದಂತೆ. ಪಾನಾ ಅಂದರೆ ಸ್ಪ್ಯಾನರ್, ಪಕ್ಕಡ್ ಅಂದರೆ ಇಕ್ಕಳ. ಸ್ವಂತ ಕಾರಿನ ಕೆಲಸ ಮಾಡಿಕೊಳ್ಳುವ ಬ್ಯಾಂಕಿನ ನೌಕರರೂ ಮೇಷ್ಟ್ರೂ ಡಾಕ್ಟರೂ ಇಂಥ ಮಿಸ್ತ್ರಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತೇ ಕಲಿತವರು. ‘ಏನರೀ ಸರ, ನೀವ ಬಿಚ್ಚಿದರ ನಮಗೇನ ಉಳೀತು’ ಎಂದು ಮಿಸ್ತ್ರಿ ನಕ್ಕರೂ ಹೇಳಿಕೊಡಲು ಹಿಂದೆಗೆಯುತ್ತಿರಲಿಲ್ಲ.

ರಿಪೇರಿಯಿಂದ ತಯಾರಿಕೆಯತ್ತ ಹೋದ ಉದಾಹರಣೆಗಳೂ ಈ ಭಾಗದಲ್ಲಿವೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಉದ್ಯಮಕ್ಕೆ ಕಾಲಿಟ್ಟದ್ದು ಬೆಳಗಾವಿಯ ಸೈಕಲ್ ಅಂಗಡಿಯಿಂದ. ನಮ್ಮ ಕಾಲಕ್ಕೆ ಬಂದರೆ ಬೆಂಗಳೂರಿನ ಚೇತನ್ ಮೈನಿ ಅವರನ್ನು ನೆನೆಯಬೇಕು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ, 1990ರಲ್ಲಿ, ಸೌರಶಕ್ತಿಯ ಕಾರು ಕಟ್ಟಿ ಸ್ಪರ್ಧೆಗಿಳಿದ ವಿದ್ಯಾರ್ಥಿ ತಂಡದಲ್ಲಿ ಅವರಿದ್ದರು. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ವಿದ್ಯುತ್ ಕಾರಿನ ಬೇರು ಆ ಹವ್ಯಾಸದಲ್ಲಿದೆ.

ಮುಚ್ಚಿಕೊಂಡ ಬಾನೆಟ್

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಮೂರು ಸಿಲಿಂಡರಿನ, 796 ಸಿ.ಸಿ.ಯ ಆ ಪುಟ್ಟ ಎಂಜಿನ್ ಕಾರು ಎಂದರೆ ಪದೇ ಪದೇ ಕೆಡುವ ವಸ್ತು ಎಂಬ ನಂಬಿಕೆಯನ್ನೇ ಅಲುಗಿಸಿತು. ಚಾವಿ ತಿರುವಿದರೆ ಹೊರಡುವ ಕಾರಿನ ಬಾನೆಟ್ ಏಕೆ ಎತ್ತಬೇಕು? ಅನಿವಾರ್ಯ ಕರಗಿತು. ಹವ್ಯಾಸ ಮಾತ್ರ ಉಳಿಯಿತು. ಮಾರುತಿಯಲ್ಲೂ ಕಾರ್ಬುರೇಟರ್ ಇದ್ದುದರಿಂದ ಬಲ್ಲವರ ಕೈಗೆ ಕೆಲಸ ತಪ್ಪಲಿಲ್ಲ.

ದೊಡ್ಡ ತಿರುವು ಬಂದದ್ದು 2000ದ ಸುಮಾರಿಗೆ. ಆ ವರ್ಷ ಫೆಬ್ರುವರಿಯಲ್ಲಿ ದೇಶದಾದ್ಯಂತ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತಿತು. ಏಪ್ರಿಲ್‌ನಲ್ಲಿ ಹೊಸ ಹೊಗೆ ನಿಯಮಗಳು ಬಂದವು. ಅವುಗಳ ಮಿತಿಯೊಳಗೆ ಇರಲು ಪೆಟ್ರೋಲನ್ನು ಹನಿ ಲೆಕ್ಕದಲ್ಲಿ ಅಳೆಯಬೇಕಿತ್ತು. ಕಾರ್ಬುರೇಟರಿಗೆ ಅಷ್ಟು ನಿಖರತೆ ಇಲ್ಲ. ಅದರ ಜಾಗಕ್ಕೆ ಇಂಜೆಕ್ಟರುಗಳು ಬಂದವು. ಗಾಳಿಯ ಒತ್ತಡ, ಎಂಜಿನ್ನಿನ ಬಿಸಿ, ಹೊಗೆಯಲ್ಲಿ ಉಳಿದ ಆಮ್ಲಜನಕ ಇವನ್ನೆಲ್ಲ ಸಂವೇದಕಗಳು ಅಳೆಯುತ್ತವೆ. ಒಂದು ಪುಟ್ಟ ಕಂಪ್ಯೂಟರು ಇಂಜೆಕ್ಟರು ಎಷ್ಟು ಹೊತ್ತು ತೆರೆದಿರಬೇಕೆಂದು ಕ್ಷಣಕ್ಷಣವೂ ನಿರ್ಧರಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳು ಈ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದವು.

ಇದರಿಂದ ಆದ ಲಾಭ ಸಣ್ಣದಲ್ಲ. ಹೊಗೆ ಇಳಿಯಿತು, ಮೈಲೇಜು ಏರಿತು, ದಾರಿಯಲ್ಲಿ ನಿಲ್ಲುವ ಕಾರುಗಳು ಅಪರೂಪವಾದವು. ಹಳೆಯದೆಲ್ಲ ಚೆನ್ನ ಎಂದು ಹೊಗಳುವವರು ಚಳಿಗಾಲದ ಮುಂಜಾನೆ ಕಾರು ತಳ್ಳಿ ಸ್ಟಾರ್ಟ್ ಮಾಡಿದ ಕಷ್ಟವನ್ನು ಮರೆತಿರುತ್ತಾರೆ. ಆದರೆ ನಷ್ಟವೂ ಒಂದಿದೆ. ಕೆಟ್ಟದ್ದೇನು ಎಂಬುದು ಈಗ ಕಣ್ಣಿಗೆ ಕಾಣುವುದಿಲ್ಲ, ಕಿವಿಗೂ ಕೇಳುವುದಿಲ್ಲ. ಅದನ್ನು ಕಂಪ್ಯೂಟರೇ ಹೇಳಬೇಕು. ಆ ಕಂಪ್ಯೂಟರಿನ ಭಾಷೆ ಯಾರಿಗೆ ತಿಳಿದಿದೆಯೋ ರಿಪೇರಿಯ ಅಧಿಕಾರ ಅವರದು.

ಬಿಚ್ಚುವ ಹಕ್ಕು

ಈ ಅಧಿಕಾರದ ಪ್ರಶ್ನೆ ಭಾರತ ಸ್ಪರ್ಧಾ ಆಯೋಗದ ಮುಂದೆ ಬಂತು. 2014ರ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತು. ಅಸಲಿ ಬಿಡಿಭಾಗಗಳು, ದೋಷ ಪತ್ತೆ ಮಾಡುವ ಉಪಕರಣಗಳು ಮತ್ತು ರಿಪೇರಿ ಕೈಪಿಡಿಗಳು ಸ್ವತಂತ್ರ ಗ್ಯಾರೇಜುಗಳ ಕೈಗೆ ಸಿಗದಂತೆ ಮಾಡಿ, ಗ್ರಾಹಕರು ತಮ್ಮ ಬಳಿಗೇ ಬರುವಂತೆ ಕಟ್ಟಿಹಾಕಿದ್ದಾರೆ ಎಂಬುದು ಆಯೋಗದ ನಿಲುವಾಗಿತ್ತು. ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವು. ದಂಡದ ಮೊತ್ತಕ್ಕಿಂತ ಮುಖ್ಯವಾದದ್ದು ಆದೇಶದ ಹಿಂದಿನ ತತ್ವ: ಕಾರು ಮಾರಿದವನು ಅದರ ರಿಪೇರಿಯನ್ನೂ ತನ್ನೊಬ್ಬನದೇ ಸ್ವತ್ತಾಗಿ ಮಾಡಿಕೊಳ್ಳಲಾಗದು.

ಇದೇ ಚರ್ಚೆ ಹೊರದೇಶಗಳಲ್ಲೂ ನಡೆದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ವಾಹನಗಳ ರಿಪೇರಿ ಹಕ್ಕಿನ ಪರವಾಗಿ ಮತ ಹಾಕಿದರು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ನೇಮಿಸಿತು. ಕೃಷಿ ಯಂತ್ರ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು ಮತ್ತು ವಾಹನ ಈ ನಾಲ್ಕು ಕ್ಷೇತ್ರಗಳನ್ನು ಆಯ್ದುಕೊಂಡು ಅದೇ ವರ್ಷದ ಡಿಸೆಂಬರಿನಲ್ಲಿ ಮಾಹಿತಿ ಜಾಲತಾಣವೊಂದನ್ನು ತೆರೆಯಿತು.

ಇದು ಹವ್ಯಾಸಿಗಳ ಸಂಗತಿ ಮಾತ್ರವಲ್ಲ. ರಸ್ತೆಬದಿಯ ಗ್ಯಾರೇಜು ಉಳಿಯುವುದು, ಐ.ಟಿ.ಐ.ಯಲ್ಲಿ ಎರಡು ವರ್ಷ ಮೋಟಾರು ಮೆಕ್ಯಾನಿಕ್ ತರಬೇತಿ ಪಡೆದು ಬಂದ ಹುಡುಗ ಸ್ವಂತ ಅಂಗಡಿ ತೆರೆಯುವುದು, ಟ್ಯಾಕ್ಸಿ ಓಡಿಸುವವರು ಕಡಿಮೆ ಖರ್ಚಿನಲ್ಲಿ ಗಾಡಿ ಸರಿಮಾಡಿಸಿಕೊಳ್ಳುವುದು, ಎಲ್ಲವೂ ಇದರ ಮೇಲೆ ನಿಂತಿವೆ. ಟ್ರ್ಯಾಕ್ಟರ್ ಇಟ್ಟುಕೊಂಡ ರೈತರಿಗೂ ಇದೇ ಮಾತು. ಬಿತ್ತನೆಯ ಹದ ಕಂಪನಿಯ ಮೆಕ್ಯಾನಿಕ್ ಬರುವವರೆಗೆ ಕಾಯುವುದಿಲ್ಲ.

ಕಾನೂನಿನ ಗೆರೆ

ಬಿಚ್ಚುವ ಹಕ್ಕು ಬೇರೆ, ಬದಲಿಸುವ ಹಕ್ಕು ಬೇರೆ. ಕಾರುಪ್ರೇಮಿಗಳು ಎಡವುವುದು ಇಲ್ಲಿಯೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ವಿವರಗಳನ್ನು ಬದಲಿಸುವುದಕ್ಕೆ ತಡೆ ಹಾಕಿದೆ. ತಯಾರಕರು ಗೊತ್ತುಮಾಡಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಎಂಜಿನ್ ಬದಲಿಸಲು ಸಾರಿಗೆ ಕಚೇರಿಯ ಅನುಮತಿ ಬೇಕು, ಬಣ್ಣ ಬದಲಿಸಿದರೆ ನೋಂದಣಿ ಪತ್ರದಲ್ಲಿ ದಾಖಲಾಗಬೇಕು. ಕಿವಿ ಗಡಚಿಕ್ಕುವ ಸೈಲೆನ್ಸರ್ ಕೂರಿಸುವುದು ಪ್ರೀತಿಯ ಲಕ್ಷಣವೂ ಅಲ್ಲ, ಕಾನೂನಿಗೆ ಸಮ್ಮತವೂ ಅಲ್ಲ.

ಹಳೆಯ ಕಾರು ಇಟ್ಟುಕೊಳ್ಳುವವರಿಗೆ ಇನ್ನೊಂದು ಲೆಕ್ಕವಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆ ಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದು ಮತ್ತೆ ಹೆಚ್ಚಿತು.

50 ವರ್ಷ ದಾಟಿದ ವಾಹನಗಳಿಗೆ 2021ರ ನಿಯಮಗಳು ಬೇರೆ ದಾರಿ ತೆರೆದಿವೆ. ಮೂಲ ರೂಪದಲ್ಲಿ ಉಳಿದುಕೊಂಡಿದ್ದರೆ ಅವಕ್ಕೆ ‘ವಿಂಟೇಜ್’ ಪಟ್ಟ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ ಎಂದೂ ಅವಧಿ 10 ವರ್ಷ ಎಂದೂ ಆ ನಿಯಮಗಳು ಗೊತ್ತುಮಾಡಿದವು. ಅಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ಮತ್ತು ದುರಸ್ತಿಗಾಗಿ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪದ್ಮಿನಿ ಎಂಬ ಹೆಸರು ಹೊತ್ತು ಬಂದ ಮೊದಲ ಕಾರುಗಳು ಕೂಡ ಈಗ 50 ದಾಟಿವೆ ಎಂಬುದು ಹಲವರಿಗೆ ಅಚ್ಚರಿ ತರಬಹುದು.

ಬಿಡಿಭಾಗ ಎಲ್ಲಿ?

ಹಳೆಯ ಕಾರನ್ನು ಮತ್ತೆ ಮೊದಲಿನಂತೆ ನಿಲ್ಲಿಸುವುದು ತಾಳ್ಮೆಯ ಪರೀಕ್ಷೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ಸರಿ. ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು, ಗಟ್ಟಿಯಾದ ರಬ್ಬರುಗಳನ್ನೆಲ್ಲ ಬದಲಿಸಬೇಕು, ವೈರುಗಳನ್ನು ಹೊಸದಾಗಿ ಎಳೆಯಬೇಕು. ಇದರಲ್ಲಿ ಅತಿ ಕಷ್ಟದ ಕೆಲಸ ಬಿಡಿಭಾಗ ಹುಡುಕುವುದು.

ಬಿಡಿಭಾಗ ತಯಾರಿಸುವವರು ಹವ್ಯಾಸಿಗಳಿಗಾಗಿ ಅದನ್ನು ತಯಾರಿಸುವುದಿಲ್ಲ. ದುಡಿಯುವ ಗಾಡಿಗಳು ರಸ್ತೆಯ ಮೇಲೆ ಇರುವವರೆಗೆ ಬಿಡಿಭಾಗಗಳೂ ಪೇಟೆಯಲ್ಲಿರುತ್ತವೆ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳು ಪದ್ಮಿನಿಯ ಬಿಡಿಭಾಗಗಳಿಗೆ ಬಹುಕಾಲ ಗಿರಾಕಿಗಳಾಗಿದ್ದವು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ ಕೊನೆಯಲ್ಲಿ ಕಡೆಯ ಪದ್ಮಿನಿ ಟ್ಯಾಕ್ಸಿಯೂ ಸೇವೆಯಿಂದ ಇಳಿಯಿತು. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿತ್ತು. ಮಾರುತಿ 800 ಕೂಡ ಅದೇ ವರ್ಷ ನಿಂತಿತು. ಈಗ ಗುಜರಿ ಅಂಗಡಿ, ಲೇತ್ ಯಂತ್ರ ಮತ್ತು ಗೆಳೆಯರ ಅಟ್ಟವೇ ಗತಿ. ಒಂದು ಬುಷ್ ಸಿಗದಿದ್ದರೆ ಅಳತೆ ಕೊಟ್ಟು ಲೇತಿನಲ್ಲಿ ಮಾಡಿಸುವುದು ಹುಬ್ಬಳ್ಳಿಯಂಥ ಊರಿನಲ್ಲಿ ಸಾಧ್ಯ. ರೈಲ್ವೆ ಕಾರ್ಯಾಗಾರ ಬಿತ್ತಿದ ವಿದ್ಯೆಯ ಫಲ ಅದು.

ಪೆಟ್ರೋಲಿನ ಗುಣವೂ ಬದಲಾಗಿದೆ. 2025ರ ಹೊತ್ತಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ದೇಶದ ಬಹುಪಾಲು ಬಂಕುಗಳನ್ನು ತಲುಪಿತ್ತು. ಹಳೆಯ ಕಾರಿನ ರಬ್ಬರು ನಳಿಗೆ, ಗ್ಯಾಸ್ಕೆಟ್‌ಗಳನ್ನು ಅದು ಬೇಗ ಮೆದುಗೊಳಿಸಬಹುದು. ಎಥೆನಾಲ್ ನೀರನ್ನೂ ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿದೀತು. ಆದ್ದರಿಂದ ಪೆಟ್ರೋಲಿನ ನಳಿಗೆಗಳನ್ನು ಆಗಾಗ ಮುಟ್ಟಿ ನೋಡುವುದು, ಗಾಡಿಯನ್ನು ಓಡಿಸುತ್ತಿರುವುದು ಲೇಸು.

ಸಂರಕ್ಷಿಸಿದ ಕಾರುಗಳನ್ನು ನೋಡಬಯಸುವವರಿಗೆ ಕರ್ನಾಟಕದಲ್ಲಿ ಎರಡು ಜಾಗಗಳಿವೆ: ಧರ್ಮಸ್ಥಳದ ಕಾರು ಸಂಗ್ರಹಾಲಯ ಮತ್ತು ಶ್ರೀರಂಗಪಟ್ಟಣದ ಸಮೀಪ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿರುವ ‘ಪಯಣ’. ಎರಡರ ಹಿಂದಿರುವುದೂ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿ.

ಇಂದು ಏನು ಮಾಡಬಹುದು?

ಹೊಸ ಕಾರಿನ ಮಾಲೀಕ ಪಾನಾ ಕೆಳಗಿಡಬೇಕೆಂದೇನೂ ಇಲ್ಲ. ಸ್ಟೀರಿಂಗಿನ ಕೆಳಗೆ ಇರುವ 16 ಪಿನ್ನಿನ ಸಾಕೆಟ್ಟಿಗೆ ಪುಟ್ಟ ಉಪಕರಣವೊಂದನ್ನು ಚುಚ್ಚಿದರೆ ದೋಷದ ಸಂಕೇತಗಳು ಮೊಬೈಲಿನಲ್ಲೇ ಕಾಣುತ್ತವೆ. ಉದಾಹರಣೆಗೆ ‘ಪಿ 0301’ ಎಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಕಾರಣ ಪ್ಲಗ್ಗೋ, ಕಾಯಿಲೋ, ಇಂಜೆಕ್ಟರೋ ಎಂಬುದನ್ನು ಮನುಷ್ಯನೇ ಹುಡುಕಬೇಕು. ಕಂಪ್ಯೂಟರು ಬೆರಳು ತೋರಿಸುತ್ತದೆ, ತೀರ್ಮಾನ ಕೊಡುವುದಿಲ್ಲ. ಹಳೆಯ ಮಿಸ್ತ್ರಿಗಳ ತರ್ಕ ಇಲ್ಲಿಯೂ ಬೇಕು.

ಗಾಳಿ ಫಿಲ್ಟರು ಬದಲಿಸುವುದು, ಕೂಲೆಂಟ್ ಮತ್ತು ಬ್ರೇಕ್ ಆಯಿಲ್ ಮಟ್ಟ ನೋಡುವುದು, ಬ್ಯಾಟರಿಯ ತುದಿಗಳನ್ನು ಒರೆಸುವುದು, ವೈಪರ್, ಬಲ್ಬು, ಫ್ಯೂಸು ಬದಲಿಸುವುದು, ಟೈರಿನ ಗಾಳಿ ಮತ್ತು ಸವೆತ ಗಮನಿಸುವುದು ಯಾರಾದರೂ ಕಲಿಯಬಹುದಾದ ಕೆಲಸಗಳು. ತುಸು ಪಳಗಿದವರು ಎಂಜಿನ್ ಆಯಿಲ್, ಪ್ಲಗ್ಗುಗಳನ್ನು ಬದಲಿಸಬಹುದು. ಇಳಿಸಿದ ಎಣ್ಣೆಯನ್ನು ಗಟಾರಕ್ಕೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಬೇಕು.

ಕೈ ಹಾಕಬಾರದ ಜಾಗಗಳೂ ಇವೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದೂ ನುಸುಳಬಾರದು. ಗಟ್ಟಿ ಸ್ಟ್ಯಾಂಡು ಕೊಟ್ಟು, ಚಕ್ರಕ್ಕೆ ಅಡ್ಡ ಇಟ್ಟ ಮೇಲಷ್ಟೇ ಆ ಕೆಲಸ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಬ್ಯಾಟರಿ ಬಿಚ್ಚುವಾಗ ಮೊದಲು ಋಣ ತಂತಿ. ಬ್ರೇಕು ಹೊಸಬರ ಕಲಿಕೆಗಲ್ಲ. ಅಪಘಾತದಲ್ಲಿ ಜೀವ ಉಳಿಸುವ ಏರ್‌ಬ್ಯಾಗ್ ರಿಪೇರಿಯ ವೇಳೆ ಹಠಾತ್ತನೆ ತೆರೆದರೆ ಮುಖ ಒಡೆಯಬಲ್ಲದು. ವಿದ್ಯುತ್ ಕಾರುಗಳಲ್ಲಿ ನೂರಾರು ವೋಲ್ಟು ಹರಿಯುವ ಕಿತ್ತಳೆ ಬಣ್ಣದ ಕೇಬಲುಗಳನ್ನು ತರಬೇತಿ ಇಲ್ಲದವರು ಮುಟ್ಟಲೇಬಾರದು.

ತನಗೆ ಎಷ್ಟು ಬರುತ್ತದೆ, ಎಷ್ಟು ಬರುವುದಿಲ್ಲ ಎಂಬ ಅರಿವೂ ಈ ವಿದ್ಯೆಯ ಭಾಗವೇ. ಸ್ವಂತ ಕೈಯಿಂದ ಒಮ್ಮೆಯಾದರೂ ಪ್ಲಗ್ಗು ಬಿಚ್ಚಿದವರು ಗ್ಯಾರೇಜಿನ ಬಿಲ್ಲನ್ನು ಬೇರೆ ಕಣ್ಣಿನಿಂದ ಓದುತ್ತಾರೆ. ಅನಗತ್ಯವಾದದ್ದನ್ನು ಪ್ರಶ್ನಿಸುತ್ತಾರೆ, ನಿಜವಾದ ದುಡಿಮೆಗೆ ತಕ್ಕ ಕೂಲಿ ಕೊಡಲು ಹಿಂಜರಿಯುವುದಿಲ್ಲ.

ಚರಕಕ್ಕೆ ಹಾಕಿದ ಷರತ್ತನ್ನು ಇಂದಿನ ಕಾರಿಗೆ ಹಾಕಿದರೆ ಯಾವುದು ಗೆದ್ದೀತು? 20 ವರ್ಷ ಬಾಳುವುದರಲ್ಲಿ ಹಲವು ಗೆಲ್ಲಬಹುದು. ಊರಿನ ಗ್ಯಾರೇಜಿನಲ್ಲಿ, ಬೆಲೆಯ ಶೇಕಡಾ 5ರ ಖರ್ಚಿನಲ್ಲಿ, ಬಳಸುವವರ ಕೈಗೆ ನಿಲುಕುವಂತೆ ಉಳಿಯುವುದರಲ್ಲಿ ಎಷ್ಟು ಗೆದ್ದಾವು ಎಂಬುದು ಎಂಜಿನಿಯರುಗಳ ಜಾಣ್ಮೆಯ ಮೇಲಷ್ಟೇ ಅವಲಂಬಿಸಿಲ್ಲ. ಕೈಪಿಡಿ ಸಿಗುತ್ತದೆಯೇ, ಬಿಡಿಭಾಗ ಸಿಗುತ್ತದೆಯೇ, ದೋಷದ ಸಂಕೇತ ತಿಳಿಯುತ್ತದೆಯೇ ಎಂದು ಕಾರು ಕೊಳ್ಳುವ ಮೊದಲೇ ಕೇಳುವ ಗಿರಾಕಿಗಳು ಎಷ್ಟಿದ್ದಾರೆ ಎಂಬುದರ ಮೇಲೂ ನಿಂತಿದೆ. ಬಣ್ಣ, ಮೈಲೇಜು, ಸೀಟಿನ ಬಟ್ಟೆಗಳ ಜೊತೆಗೆ ಈ ಮೂರು ಪ್ರಶ್ನೆಗಳನ್ನೂ ಮಾರಾಟದ ಮಳಿಗೆಯಲ್ಲಿ ಕೇಳಲು ಖರ್ಚೇನೂ ಇಲ್ಲ.